ಮೇಗುತಿ ಗುಡ್ಡದ ಬುದ್ಧ



ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ನಮ್ಮ ಕಡೆ ಬುದ್ಧನ ಮೂರ್ತಿ ನೋಡಲು ದೂರ ಹೋಗಬೇಕಾಗಿಲ್ಲ. ಫರ್ನಿಚರ್ ಅಂಗಡಿಯ ಗಾಜಿನ ಹಿಂದೆ, ನರ್ಸರಿಯ ಹೂಕುಂಡಗಳ ಸಾಲಿನಲ್ಲಿ, ಅಪಾರ್ಟ್‌ಮೆಂಟುಗಳ ಬಾಗಿಲ ಬಳಿ, ಎಷ್ಟೋ ಮನೆಗಳ ಟಿ.ವಿ. ಪಕ್ಕದಲ್ಲಿ ಅವನಿದ್ದಾನೆ. ಗೃಹಪ್ರವೇಶಕ್ಕೆ ಏನು ಉಡುಗೊರೆ ಕೊಡೋಣ ಅಂದರೆ ಈಗ ಮೊದಲು ನೆನಪಾಗುವವನೂ ಅವನೇ. ಈ ಮೂರ್ತಿಗಳನ್ನು ಸ್ವಲ್ಪ ಗಮನಿಸಿ ನೋಡಿ. ಬಹಳಷ್ಟು ಬರೀ ತಲೆ. ಅರೆಮುಚ್ಚಿದ ಕಣ್ಣು, ಗುಂಗುರು ಕೂದಲು, ಜೋತುಬಿದ್ದ ಕಿವಿ. ಕುತ್ತಿಗೆಯಿಂದ ಕೆಳಗೆ ಏನೂ ಇಲ್ಲ.

ಈ ರೂಢಿಯ ಹಿಂದೆ ಒಂದು ನೋವಿನ ಕಥೆಯಿದೆ. ಆಗ್ನೇಯ ಏಷ್ಯಾದ ಹಳೆಯ ವಿಹಾರಗಳಿಂದ, ಗಾಂಧಾರದ ಹಾಳುದಿಬ್ಬಗಳಿಂದ ಕಳ್ಳರು, ವ್ಯಾಪಾರಿಗಳು ಸಾಗಿಸಿದ್ದರಲ್ಲಿ ತಲೆಗಳು ಬಹಳ. ಆಳೆತ್ತರದ ಕಲ್ಲನ್ನು ಹೊರುವುದು ಕಷ್ಟ, ತಲೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಹೀಗೆ ಹೋದ ತಲೆಗಳು ಯುರೋಪು, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿ ಕೂತವು. ಅವನ್ನೇ ನೋಡಿ ನೋಡಿ ಬುದ್ಧನೆಂದರೆ ಒಂದು ಮುಖ ಎಂಬ ಭಾವನೆ ಲೋಕಕ್ಕೆಲ್ಲ ಹಬ್ಬಿತು. ಥಾಯ್ಲೆಂಡಿನ ಭಕ್ತರು ಇದರಿಂದ ಎಷ್ಟು ನೊಂದಿದ್ದಾರೆಂದರೆ, ಬುದ್ಧ ಅಲಂಕಾರದ ಸಾಮಾನಲ್ಲ ಎಂದು ಬ್ಯಾಂಕಾಕಿನ ರಸ್ತೆಗಳಲ್ಲಿ ದೊಡ್ಡ ದೊಡ್ಡ ಫಲಕಗಳನ್ನೇ ನಿಲ್ಲಿಸಿದ್ದಾರೆ.

ಇವತ್ತು ನಾನು ಹೇಳಬೇಕೆಂದಿರುವುದು ಇದಕ್ಕೆ ಉಲ್ಟಾ ಆಗಿರುವ ಒಬ್ಬ ಬುದ್ಧನ ವಿಷಯ. ಅವನಿಗೆ ಮೈಯಿದೆ, ತಲೆಯಿಲ್ಲ. ಅವನಿರುವುದು ನಮ್ಮದೇ ನಾಡಿನ ಒಂದು ಹಳ್ಳಿಯ ಗುಡ್ಡದಲ್ಲಿ, ಐಹೊಳೆಯಲ್ಲಿ.

ಐಹೊಳೆ ಯಾರಿಗೆ ಗೊತ್ತಿಲ್ಲ? ಶಾಲೆಯ ಪ್ರವಾಸದಲ್ಲಿ ಹೋಗಿರುತ್ತೇವೆ, ಪಠ್ಯಪುಸ್ತಕದಲ್ಲಿ ಓದಿರುತ್ತೇವೆ. ಬಾಗಲಕೋಟೆ ಜಿಲ್ಲೆ, ಹುನಗುಂದ ತಾಲ್ಲೂಕು, ಮಲಪ್ರಭಾ ನದಿಯ ದಂಡೆ. ಬಸ್ಸು ದುರ್ಗ ದೇವಾಲಯದ ಮುಂದೆ ನಿಲ್ಲುತ್ತದೆ. ಅರ್ಧಚಂದ್ರದ ಬೆನ್ನಿನ ಆ ಗುಡಿಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲೇ ಲಾಡಖಾನ್ ಗುಡಿ, ಅಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ, ಸ್ವಲ್ಪ ಆಚೆ ರಾವಣಫಡಿ. ಇಷ್ಟಾಗುವ ಹೊತ್ತಿಗೆ ಬಿಸಿಲೇರಿರುತ್ತದೆ, ಪಟ್ಟದಕಲ್ಲು ಬಾಕಿಯಿರುತ್ತದೆ, ಮಕ್ಕಳಿಗೆ ಹಸಿವಾಗಿರುತ್ತದೆ. ಬಸ್ಸು ಹೊರಟುಬಿಡುತ್ತದೆ. ಊರಿನ ಅಂಚಿನ ಮೇಗುತಿ ಗುಡ್ಡವನ್ನು ಹತ್ತುವವರು ಕಡಿಮೆ. ಹತ್ತಿದವರೂ ನೆತ್ತಿಯ ಮೇಲಿನ ಜೈನ ಬಸದಿಗೆ, ಅಲ್ಲಿರುವ ರವಿಕೀರ್ತಿಯ ಶಾಸನಕ್ಕೆ ನೇರವಾಗಿ ಹೋಗುತ್ತಾರೆ. ಆ ಬಸದಿಗಿಂತ ಕೆಲವೇ ಮೆಟ್ಟಿಲು ಕೆಳಗೆ, ಗುಡ್ಡಕ್ಕೆ ಬೆನ್ನು ಕೊಟ್ಟುಕೊಂಡು ಎರಡಂತಸ್ತಿನ ಒಂದು ಸಣ್ಣ ಕಟ್ಟಡ ನಿಂತಿದೆ. ಅದೇ ಬುದ್ಧನ ಗುಡಿ.

ನಾನು ಮೆಟ್ಟಿಲು ಹತ್ತುತ್ತಿದ್ದಾಗ ಒಬ್ಬರು ಅಜ್ಜಿ ಆಡು ಮೇಯಿಸುತ್ತಿದ್ದರು. ‘ಎಲ್ಲಿಂದ ಬಂದೀರಿ ಅಕ್ಕಾರ?’ ಎಂದು ಕೇಳಿದರು. ಬೆಂಗಳೂರು ಅಂದೆ. ‘ಎಲ್ಲಾರೂ ಸೀದಾ ಮ್ಯಾಲ ಹೊಕ್ಕಾರ್ರಿ. ನಡುವ ಬುದ್ಧನ ಗುಡಿ ಐತಿ, ಅಲ್ಲಿ ತಂಪ ಇರತೈತಿ, ಒಂದೀಟು ಕುಂತು ಹೋಗ್ರಿ’ ಅಂದರು. ಅವರ ಮಾತು ಕೇಳಿ ಕೂತದ್ದು ಒಳ್ಳೆಯದಾಯಿತು. ನಿಂತುಕೊಂಡು ನೋಡಿದರೆ ಆ ಗುಡಿ ಐದು ನಿಮಿಷದಲ್ಲಿ ಮುಗಿಯುತ್ತದೆ. ಕೂತರೆ ಮುಗಿಯುವುದಿಲ್ಲ.

ಗುಡಿಯ ಮುಂಭಾಗ ಕಲ್ಲು ಜೋಡಿಸಿ ಕಟ್ಟಿದ್ದು, ಹಿಂಭಾಗ ಬಂಡೆಯನ್ನೇ ಕೊರೆದು ಮಾಡಿದ್ದು. ಕೆಳಗೊಂದು ಮೊಗಸಾಲೆ, ಅದರ ನೆತ್ತಿಗೆ ಸರಿಯಾಗಿ ಇನ್ನೊಂದು. ಎರಡಕ್ಕೂ ಎದುರಿನಲ್ಲಿ ಗೋಡೆಯಿಲ್ಲ. ನಾಲ್ಕು ಚೌಕ ಕಂಬಗಳು, ಅಕ್ಕಪಕ್ಕದ ಗೋಡೆಗಳಿಗೆ ಅಂಟಿಕೊಂಡ ಎರಡು ಅರೆಗಂಬಗಳು, ಅಷ್ಟೆ. ಕಂಬಗಳ ಹಿಂದೆ ಬಂಡೆಯ ಒಳಕ್ಕೆ ಸಣ್ಣ ಕೋಣೆಗಳು. ಭಿಕ್ಷುಗಳು ಕೂರುವುದಕ್ಕೆ, ಮಲಗುವುದಕ್ಕೆ, ಧ್ಯಾನಕ್ಕೆ ಸಾಕಾಗುವಷ್ಟು ಜಾಗ. ಐಹೊಳೆಯ ಉಳಿದ ಗುಡಿಗಳ ಹಾಗೆ ಶಿಖರವಿಲ್ಲ, ಹೊರಗೋಡೆಗೆ ಅಲಂಕಾರವಿಲ್ಲ. ದೂರದಿಂದ ನೋಡಿದವರಿಗೆ ಇದು ದೇವರ ಗುಡಿಯೆಂದು ತಿಳಿಯುವುದೂ ಕಷ್ಟ, ಯಾರೋ ವಾಸವಿದ್ದ ಮನೆಯ ಹಾಗೆ ಕಾಣುತ್ತದೆ. ವಾಸವಿದ್ದದ್ದು ನಿಜವೂ ಹೌದು.

ಶಿಲ್ಪಿ ತನ್ನ ಕೈಚಳಕವನ್ನೆಲ್ಲ ಒಂದೇ ಕಡೆ ಸುರಿದಿದ್ದಾನೆ, ಕೆಳಗಿನ ಕೋಣೆಯ ಬಾಗಿಲುವಾಡದಲ್ಲಿ. ಪಟ್ಟಿಯ ಪಕ್ಕ ಪಟ್ಟಿಯಾಗಿ ಕೆತ್ತನೆ ಏರುತ್ತದೆ, ಅದರ ಮಧ್ಯೆ ಅಂಗೈಗಿಂತ ಚಿಕ್ಕ ಆಕೃತಿಗಳು. ಮರಳುಗಲ್ಲು ಸವೆದು ಎಷ್ಟೋ ಮುಖಗಳು ಮಾಸಿವೆ. ಆದರೂ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದೇ ಗೆರೆ ಎದ್ದು ಬರುತ್ತದೆ. ಮಧ್ಯಾಹ್ನ ಹೋದರೆ ಅದೇ ಬಾಗಿಲು ಬರೀ ಕೆಂಪು ಕಲ್ಲು. ಆದ್ದರಿಂದ ಹೋಗುವವರು ದಯವಿಟ್ಟು ಬೆಳಗ್ಗೆಯೇ ಹೋಗಿ.

ಇನ್ನು ಮೇಲಂತಸ್ತು. ಅಲ್ಲಿ ನಡುವಣ ಅಂಕಣಕ್ಕೆ ಬಂದು ತಲೆಯೆತ್ತಿ ನೋಡಬೇಕು. ಕೊಡೆಯ ಕೆಳಗೆ ಪದ್ಮಾಸನ ಹಾಕಿ ಕೂತ ಬುದ್ಧ ಅಲ್ಲಿದ್ದಾನೆ. ಈತನಿಗೆ ತಲೆಯೂ ಇದೆ, ಮುಖವೂ ಇದೆ. ಇಡೀ ಗುಡಿಯಲ್ಲಿ ಪೂರ್ತಿಯಾಗಿ ಉಳಿದಿರುವ ಬುದ್ಧ ಇವನೊಬ್ಬನೇ ಎಂದು ನನಗೆ ಕಂಡಿತು. ಕಲ್ಲಿನ ಕೊಡೆ ಎಂದೊಡನೆ ನಮಗೆ ಜಿನಬಿಂಬಗಳ ಮುಕ್ಕೊಡೆ ನೆನಪಾಗುತ್ತದೆ. ಮೇಗುತಿಯ ಬಸದಿ ಅಷ್ಟು ಹತ್ತಿರವಿರುವುದರಿಂದ ಇದೂ ಜಿನನೇ ಎಂದುಕೊಂಡು ಹೋಗುವವರಿದ್ದಾರೆ. ದೊಡ್ಡವರು ಬಂದಾಗ ಕೊಡೆ ಹಿಡಿಯುವುದು ಈ ನಾಡಿನ ಮರ್ಯಾದೆ. ಅದನ್ನು ಅರಸನಿಗೂ ಹಿಡಿದರು, ಜಿನನಿಗೂ ಹಿಡಿದರು, ಬುದ್ಧನಿಗೂ ಹಿಡಿದರು.

ತಲೆಯಿಲ್ಲದ ಮೂರ್ತಿ ಇರುವುದು ಗುಡಿಯ ಮುಂದೆ. ಒಳಗಿನ ಕೋಣೆಯಲ್ಲಿ ಇದ್ದದ್ದನ್ನು ಯಾವಾಗಲೋ ಹೊರಗೆ ತಂದಿರಬೇಕು. ಮಡಚಿದ ಕಾಲು, ಅಗಲವಾದ ಹೆಗಲು, ನೆಟ್ಟಗೆ ನಿಂತ ಬೆನ್ನು. ಮೊದಲು ನೋಡಿದಾಗ ಕಣ್ಣು ಆ ಮುರಿದ ಜಾಗಕ್ಕೇ ಹೋಗುತ್ತದೆ. ಅಯ್ಯೋ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಎದುರು ಕೂತ ಮೇಲೆ ಮೈಯನ್ನು ನೋಡಲು ಕಲಿಯುತ್ತೇವೆ. ಬೆನ್ನು ಹೇಗೆ ನೇರವಾಗಿದ್ದೂ ಬಿಗಿಯಾಗಿಲ್ಲ, ಹೆಗಲು ಹೇಗೆ ಇಳಿದಿದೆ, ಮೈಯ ಭಾರವೆಲ್ಲ ಹೇಗೆ ಸೊಂಟದ ಕೆಳಗೆ ನೆಲೆಸಿದೆ. ಕೂರುವುದು ಎಂದರೆ ಇಡೀ ಮೈ ಮಾಡುವ ಕೆಲಸ. ಧ್ಯಾನ ಮಾಡುವವರಿಗೆ ಇದು ಗೊತ್ತು, ಮೊಣಕಾಲು ನೋಯಿಸಿಕೊಂಡವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆ ಚಾಲುಕ್ಯ ಶಿಲ್ಪಿಗೂ ಗೊತ್ತಿತ್ತು. ಮುಖದ ಮುಗುಳ್ನಗೆಯ ಸಹಾಯವಿಲ್ಲದೆ ಬರೀ ಮೈಯಿಂದಲೇ ಶಾಂತಿಯನ್ನು ತೋರಿಸಲು ಆಗುತ್ತದೆ ಎಂದು ಆ ಮೂರ್ತಿಯ ಮುಂದೆ ಕೂತಾಗ ನನಗೆ ಮನವರಿಕೆಯಾಯಿತು. ಅದಕ್ಕೊಂದು ಹೊಸ ತಲೆ ಮಾಡಿಸಿ ಕೂರಿಸೋಣ ಎಂದು ಉತ್ಸಾಹದಿಂದ ಹೇಳುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಆ ಕಲ್ಲು ಪಟ್ಟ ಪಾಡೂ ಈಗ ಅದರ ಚರಿತ್ರೆಯ ಭಾಗ.

ಈ ಗುಡಿ ಆರನೆಯ ಶತಮಾನದ ಕೊನೆಯ ಭಾಗದ್ದು ಎನ್ನುತ್ತಾರೆ ವಿದ್ವಾಂಸರು. ಬಾದಾಮಿಯಲ್ಲಿ ಚಾಲುಕ್ಯ ಮನೆತನದ ಮಂಗಲೇಶನು ವಿಷ್ಣುವಿಗಾಗಿ ಮೂರನೆಯ ಗುಹೆಯನ್ನು ಕೊರೆಸಿದ್ದು ಕ್ರಿ.ಶ. 578ರಲ್ಲಿ. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ತಲೆಮಾರಿನ ಕೆಲಸ. ಅದಾದ ಮೇಲೆ ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634–35ರಲ್ಲಿ, ರವಿಕೀರ್ತಿ ಇದೇ ಗುಡ್ಡದ ನೆತ್ತಿಯಲ್ಲಿ ಜಿನಾಲಯ ಕಟ್ಟಿಸಿ, ಹರ್ಷನನ್ನು ಸೋಲಿಸಿದ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಅದರ ಗೋಡೆಯ ಮೇಲೆ ಕೆತ್ತಿಸಿದ. ಅದಕ್ಕಾಗಿ ಅವನು ಗುಡ್ಡ ಹತ್ತಿ ಇಳಿದಾಗಲೆಲ್ಲ ಬೌದ್ಧರ ಈ ಮೊಗಸಾಲೆ ದಾರಿಯ ಬದಿಗೇ ಇತ್ತು. ಕೆಳಗೆ ರಾವಣಫಡಿಯಲ್ಲಿ ಶಿವ ನರ್ತಿಸುತ್ತಿದ್ದ. ಒಂದೇ ಊರು, ಒಂದೇ ಕೆಂಪು ಕಲ್ಲು, ಬಹುಶಃ ಒಂದೇ ಕಸುಬಿನ ಮನೆತನಗಳ ಉಳಿ. ಕಟ್ಟಿಸುವವರು ಬೇರೆ ಬೇರೆ, ಒಳಗೆ ಕೂರುವವರು ಬೇರೆ ಬೇರೆ.

ಪುಲಕೇಶಿಯ ರಾಜ್ಯವನ್ನು ಕಣ್ಣಾರೆ ಕಂಡ ಪರದೇಶದ ಭಿಕ್ಷು ಒಬ್ಬನಿದ್ದ, ಚೀನಾದ ಹ್ಯೂಯೆನ್‌ತ್ಸಾಂಗ್. ಕ್ರಿ.ಶ. 641ರ ಸುಮಾರಿಗೆ ಅವನು ಈ ಕಡೆ ಬಂದ. ಅರಸನ ಹೆಸರನ್ನೂ, ಜನರ ಬಿಗುಮಾನವನ್ನೂ, ಯುದ್ಧದ ಆನೆಗಳನ್ನೂ ಬರೆದಿಟ್ಟ. ಆ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಸಂಘಾರಾಮಗಳೂ ಸುಮಾರು 5,000 ಭಿಕ್ಷುಗಳೂ ಇದ್ದರೆಂದು ಅವನ ಲೆಕ್ಕ. ಆ ನೂರರಲ್ಲಿ ಹೆಚ್ಚಿನವು ಮಣ್ಣಾಗಿವೆ. ಐಹೊಳೆಯ ಈ ಪುಟ್ಟ ಕಟ್ಟಡ ಬಂಡೆಗೆ ಅಂಟಿಕೊಂಡಿದ್ದರಿಂದ ಉಳಿಯಿತು. ಅದಕ್ಕೇ ನನಗೆ ಇದು ಇಷ್ಟು ಮುಖ್ಯವಾಗಿ ಕಾಣುತ್ತದೆ. ಬುದ್ಧ ನಮಗೆ ದೂರದ ಬಿಹಾರದವನು, ಇಲ್ಲವೇ ಬೈಲಕುಪ್ಪೆಗೆ ಬಂದ ಟಿಬೆಟಿನವರ ದೇವರು ಎಂಬ ಭಾವನೆ ನಮ್ಮಲ್ಲಿ ಬಹಳ ಜನಕ್ಕಿದೆ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರದ ಬಂಗಾರದ ಮೂರ್ತಿಗಳನ್ನು ಬೆರಗಿನಿಂದ ನೋಡಿ ಬರುತ್ತೇವೆ, ನೋಡಬೇಕಾದದ್ದೇ. ಆದರೆ ಬುದ್ಧ ನಮ್ಮ ಹಳ್ಳಿಗಳಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನೆರೆಹೊರೆಯವನಾಗಿ ಬಾಳಿದವನು.

ನೆರೆಹೊರೆ ಎಂದಾಗ ನನ್ನ ಮನಸ್ಸು ಗದಗದ ಹತ್ತಿರದ ಡಂಬಳಕ್ಕೆ ಹೋಗುತ್ತದೆ. ಅಲ್ಲಿ ಕ್ರಿ.ಶ. 1095ರ ಶಾಸನವೊಂದಿದೆ. ಆರನೆಯ ವಿಕ್ರಮಾದಿತ್ಯನ ಕಾಲ, ಅವನ ರಾಣಿ ಲಕ್ಷ್ಮೀದೇವಿ ಆ ಭಾಗವನ್ನು ಆಳುತ್ತಿದ್ದಳು. ಡಂಬಳದ ಹದಿನಾರು ಮಂದಿ ಸೆಟ್ಟರು ಸೇರಿ ಊರಿನಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದರು. ಲಕ್ಕುಂಡಿಯ ದೊಡ್ಡ ವ್ಯಾಪಾರಿಯೊಬ್ಬ ಆರ್ಯ ತಾರಾದೇವಿಗೆ ಇನ್ನೊಂದು ವಿಹಾರ ಕಟ್ಟಿಸಿದ್ದ. ಆ ವಿಹಾರಗಳ ಪೂಜೆಗೆ, ಭಿಕ್ಷುಗಳ ಊಟ ಬಟ್ಟೆಗೆ ಬಿಟ್ಟ ದತ್ತಿಯನ್ನು ಶಾಸನ ಹೇಳುತ್ತದೆ. ಅದರಲ್ಲಿ ತಾರೆಯ ಸ್ತುತಿಯಿದೆ. ಅವಳು ಯಾವ ಯಾವ ಭಯಗಳನ್ನು ಕಳೆಯುತ್ತಾಳೆಂದರೆ ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸೆರೆಯ ಸಂಕೋಲೆ, ಕಡಲಿನ ನೀರು, ಪಿಶಾಚಿ. ಈ ಪಟ್ಟಿಯನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿ. ಹೇರು ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ತಿಂಗಳುಗಟ್ಟಲೆ ಹೋಗುವ ಮನುಷ್ಯ ರಾತ್ರಿ ಮಲಗುವಾಗ ಏನೇನಕ್ಕೆ ಹೆದರುತ್ತಾನೋ ಅದೆಲ್ಲ ಅಲ್ಲಿದೆ. ಮನೆಯಲ್ಲಿ ಅವನ ದಾರಿ ಕಾಯುವ ಹೆಂಡತಿ ಏನೇನಕ್ಕೆ ಹೆದರುತ್ತಾಳೋ ಅದೂ ಇದೆ. ಬೌದ್ಧಧರ್ಮವೆಂದರೆ ತತ್ತ್ವಶಾಸ್ತ್ರ, ಶೂನ್ಯವಾದ, ಪಂಡಿತರ ತರ್ಕ ಎಂದುಕೊಳ್ಳುತ್ತೇವೆ. ಡಂಬಳದ ಸೆಟ್ಟರಿಗೆ ಅದು ಕಳ್ಳರ ಭಯ ನೀಗುವ ತಾಯಿ. ಕರ್ನಾಟಕದ ಬೌದ್ಧಧರ್ಮದ ಜೀವ ಇದರಲ್ಲೇ ಇತ್ತು ಎಂದು ನನ್ನ ಅನಿಸಿಕೆ. ಐಹೊಳೆಯೂ ವರ್ತಕರ ಊರು. ಇದೇ ಊರಿನ ಹೆಸರು ಹೊತ್ತ ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘ ಮುಂದೆ ದಕ್ಷಿಣ ಭಾರತಕ್ಕೆಲ್ಲ ಹೆಸರಾಯಿತು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲೂ ಹೀಗೆಯೇ. ಕ್ರಿ.ಶ. 1065ರಲ್ಲಿ ರೂಪಭಟ್ಟಯ್ಯ ಎಂಬ ದಂಡನಾಯಕ ಅಲ್ಲಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. ಆ ವಿಹಾರದ ದತ್ತಿಯಲ್ಲಿ ತಾರಾ ಭಗವತಿ, ಲೋಕೇಶ್ವರ, ಬುದ್ಧ ಇವರ ಜೊತೆಗೆ ಕೇಶವನ ಹೆಸರೂ ಬರುತ್ತದೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐವರ ಮಠಗಳಿರುವ ಊರು ತನ್ನದೆಂದು ಬಳ್ಳಿಗಾವೆ ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದೆ.

ಹಾಗಿದ್ದರೆ ಆ ಮೂರ್ತಿಗಳೆಲ್ಲ ಏನಾದವು? ಕೆಲವು ಒಡೆದವು, ಕೆಲವು ಹೂತುಹೋದವು. ಉಳಿದವುಗಳಲ್ಲಿ ಅತ್ಯಂತ ಸುಂದರವಾದದ್ದು ಮಂಗಳೂರಿನ ಕದ್ರಿ ಮಂಜುನಾಥನ ಗುಡಿಯಲ್ಲಿದೆ. ಕದ್ರಿ ಈಗ ನಗರದ ನಡುವೆ ಇದೆ, ಹಿಂದೆ ಗುಡ್ಡದ ಬುಡದ ಹಳ್ಳಿ. ಅಲ್ಲಿನ ಲೋಕೇಶ್ವರ ಆಳೆತ್ತರಕ್ಕೆ ಸ್ವಲ್ಪ ಕಡಿಮೆಯ ಕಂಚಿನ ವಿಗ್ರಹ, ಮೂರು ಮುಖ, ಆರು ಕೈ. ಕೂತ ಭಂಗಿಯಲ್ಲಿ ಎಂಥ ಗಾಂಭೀರ್ಯ! ದಕ್ಷಿಣ ಭಾರತದ ಕಂಚಿನ ಮೂರ್ತಿಗಳ ಮಾತು ಬಂದರೆ ಎಲ್ಲರೂ ಚೋಳರ ನಟರಾಜನನ್ನು ನೆನೆಯುತ್ತಾರೆ. ನಮ್ಮ ಕದ್ರಿಯ ಲೋಕೇಶ್ವರನನ್ನು ಅವನ ಪಕ್ಕದಲ್ಲಿ ನಿಸ್ಸಂಕೋಚವಾಗಿ ಕೂರಿಸಬಹುದು. ಪೀಠದ ಮೇಲಿನ ಸಂಸ್ಕೃತ ಶಾಸನದ ಕಾಲ ಕ್ರಿ.ಶ. 968 ಎಂದು ಹೆಚ್ಚಿನ ವಿದ್ವಾಂಸರು ಗುಣಿಸಿದ್ದಾರೆ. ಅಳುಪ ಅರಸ ಕುಂದವರ್ಮ ಕದರಿಕಾ ವಿಹಾರದಲ್ಲಿ ಇದನ್ನು ಪ್ರತಿಷ್ಠೆ ಮಾಡಿಸಿದನಂತೆ. ಆ ಅರಸ ತನ್ನನ್ನು ಕರೆದುಕೊಂಡಿರುವುದು ಶಿವನ ಪಾದಭಕ್ತನೆಂದು. ಶಿವಭಕ್ತನೊಬ್ಬ ಬೌದ್ಧರ ವಿಹಾರಕ್ಕೆ ಹೋಗಿ, ತನ್ನ ಖಜಾನೆಯಿಂದ ಖರ್ಚು ಮಾಡಿ, ನಾಡಿನ ಅತ್ಯುತ್ತಮ ಎರಕದವರಿಂದ ಬೋಧಿಸತ್ವನನ್ನು ಮಾಡಿಸಿ ಕೂರಿಸಿದ. ಆಮೇಲೆ ಕಾಲ ಬದಲಾಯಿತು. ಕದ್ರಿ ನಾಥಪಂಥದ ಜೋಗಿಗಳ ದೊಡ್ಡ ನೆಲೆಯಾಯಿತು. ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ನಡೆದುಕೊಂಡು ಜೋಗಿಗಳ ಜಮಾತು ಇಂದಿಗೂ ಅಲ್ಲಿಗೆ ಬರುತ್ತದೆ. ವಿಹಾರ ಶಿವಾಲಯವಾಯಿತು. ಲೋಕೇಶ್ವರನೂ ಜೊತೆಯ ಕಂಚಿನ ಮೂರ್ತಿಗಳೂ ಬ್ರಹ್ಮ, ನಾರಾಯಣ, ವ್ಯಾಸ ಎಂಬ ಹೆಸರುಗಳಲ್ಲಿ ಪೂಜೆ ಪಡೆಯುತ್ತಾ ಬಂದರು.

ಇದನ್ನು ಕೇಳಿದಾಗ ಕೆಲವರು ಸಿಟ್ಟಾಗುತ್ತಾರೆ, ಬೌದ್ಧರ ದೇವರನ್ನು ಕಿತ್ತುಕೊಂಡರು ಎನ್ನುತ್ತಾರೆ. ಇನ್ನು ಕೆಲವರು, ನೋಡಿ, ಎಲ್ಲವೂ ಒಂದೇ, ಇದರಲ್ಲಿ ಬೌದ್ಧ ಗಿದ್ಧ ಎಂಬುದೇ ಇಲ್ಲ ಎಂದು ತೇಲಿಸಿಬಿಡುತ್ತಾರೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಾಗುವುದಿಲ್ಲ. ಈ ಮಣ್ಣಿನಲ್ಲಿ ಬೌದ್ಧರು ಕ್ಷೀಣಿಸಿ ಕಾಣದಾದದ್ದು ನಿಜ, ಅದು ನಷ್ಟ, ಅದನ್ನು ನಷ್ಟವೆಂದೇ ಹೇಳಬೇಕು. ಲೋಕೇಶ್ವರನನ್ನು ಲೋಕೇಶ್ವರನೆಂದೇ ಕರೆಯಬೇಕು, ಆ ಹೆಸರನ್ನು ಮಕ್ಕಳಿಗೆ ಹೇಳಿಕೊಡಬೇಕು. ಹಾಗೆಯೇ, ಸಾವಿರ ವರ್ಷ ಯಾವುದೋ ಹೆಸರಿನಲ್ಲಿ ದೀಪ ಹಚ್ಚಿ, ಎಣ್ಣೆ ಹಾಕಿ, ಕರಗಿಸದೆ, ಮಾರದೆ ಆ ಕಂಚನ್ನು ಕಾಪಾಡಿದವರಿಗೆ ಕೈಮುಗಿಯಬೇಕು. ಕಂಚೆಂದರೆ ಕಷ್ಟಕಾಲದಲ್ಲಿ ಕರಗಿಸಿದರೆ ಕಾಸಾಗುವ ಲೋಹ. ಅದನ್ನು ಉಳಿಸಿದ್ದು ಜನರ ಭಕ್ತಿ.

ಭಕ್ತಿ ಕಾಪಾಡಿದ್ದಕ್ಕೆ ಇನ್ನೂ ದೊಡ್ಡ ಸಾಕ್ಷಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ಭೀಮಾ ನದಿಯ ದಂಡೆ, ಚಂದ್ರಲಾಂಬೆಯ ಕ್ಷೇತ್ರ. ಆ ಗುಡಿಯ ಆವರಣದಲ್ಲೇ ಕಾಳಿಯ ಒಂದು ಗುಡಿಯಿತ್ತು. 1980ರ ದಶಕದ ಉತ್ತರಾರ್ಧದಲ್ಲಿ ಅದರ ಚಾವಣಿ ಕುಸಿಯಿತು. ಅವಶೇಷ ಎತ್ತಿ ನೋಡಿದಾಗ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು. ಅದು ಅಶೋಕನ ಶಾಸನ. ಮೂರ್ತಿಯನ್ನು ಕೂರಿಸಲೆಂದು ಅಕ್ಷರಗಳ ನಡುವೆಯೇ ಕುಳಿ ತೋಡಿದ್ದರು. ಎರಡೂ ಮುಖಗಳಲ್ಲಿ ಬರಹವಿತ್ತು. ಅದರಲ್ಲಿ ಅಶೋಕನ ಹನ್ನೆರಡನೆಯ ಶಾಸನವೂ ಒಂದು. ತನ್ನ ಮತವನ್ನು ಹೊಗಳಿಕೊಂಡು ಇನ್ನೊಬ್ಬರ ಮತವನ್ನು ಹಳಿಯಬಾರದು, ಎಲ್ಲ ಮತಗಳವರೂ ಒಬ್ಬರ ಮಾತನ್ನು ಒಬ್ಬರು ಕೇಳಬೇಕು ಎಂದು ಅಶೋಕ ಹೇಳುವುದು ಅದರಲ್ಲೇ. ಆ ಮಾತನ್ನು ಹೊತ್ತ ಕಲ್ಲು ಕಾಳಿಯನ್ನು ಹೊತ್ತುಕೊಂಡು ಶತಮಾನಗಳ ಕಾಲ ನಿಂತಿತ್ತು. ಅಕ್ಷರ ಓದಲು ಬಾರದ ಹಳ್ಳಿಯ ಜನ ಅದಕ್ಕೆ ದಿನಾ ಹೂವು ಏರಿಸಿದ್ದರು. ಈ ಸಂಗತಿಯನ್ನು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಮಾಡಿ ದೊಡ್ಡ ಸ್ತೂಪವನ್ನೇ ಹೊರತೆಗೆಯಿತು. ಸುಣ್ಣಕಲ್ಲಿನ ಫಲಕಗಳಲ್ಲಿ ಜಾತಕದ ಕಥೆಗಳು, ಶಾತವಾಹನ ಅರಸರು, ಬುದ್ಧನ ಪಾದಗಳು, ನಿಂತ ಬುದ್ಧರು. ಒಂದು ಫಲಕದಲ್ಲಿ ರಾಣಿ, ಪರಿಚಾರಿಕೆಯರ ಜೊತೆ ನಿಂತ ಒಬ್ಬ ಅರಸ. ಅವನು ರಾಜ ಅಶೋಕ ಎಂದು ಅಲ್ಲೇ ಬ್ರಾಹ್ಮಿಯಲ್ಲಿ ಬರೆದಿದೆ. ಹೆಸರು ಬರೆದಿಟ್ಟಿರುವ ಅಶೋಕನ ಪ್ರಾಚೀನ ಶಿಲ್ಪ ಅದು. ಅದರ ಬಗ್ಗೆ ಬೇರೆಯೇ ಒಂದು ಭಾಷಣ ಬೇಕು, ಇಲ್ಲಿ ಹೆಸರು ಹೇಳಿ ಮುಂದೆ ಹೋಗುತ್ತೇನೆ.

ಬೆಂಗಳೂರಿನವರು ಇಷ್ಟು ದೂರವೇ ಹೋಗಬೇಕೆಂದಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಒಂದು ಬೂದಿದಿಬ್ಬವಿತ್ತು, ಊರಿನವರು ಅದನ್ನು ಬೂದಿಗುಂಡಿ ಎನ್ನುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ.ಎಸ್. ಕೃಷ್ಣಮೂರ್ತಿಯವರ ತಂಡ 2001ರಲ್ಲಿ, ಮತ್ತೆ 2004ರಲ್ಲಿ ಅಲ್ಲಿ ಅಗೆದಾಗ ಇಟ್ಟಿಗೆಯ ಚೈತ್ಯ, ಭಿಕ್ಷುಗಳ ಕೋಣೆಗಳಿದ್ದ ವಿಹಾರ ಕಾಣಿಸಿಕೊಂಡವು. ಮೂರ್ತಿಗಿಂತ ಹೆಚ್ಚಾಗಿ ಅಲ್ಲಿ ಸಿಕ್ಕಿದ್ದು ಜೇಡಿಮಣ್ಣಿನ ಪುಟ್ಟ ಪುಟ್ಟ ಹರಕೆ ಸ್ತೂಪಗಳು. ಅವುಗಳ ಒಳಗೆ ಬುದ್ಧವಚನ ಒತ್ತಿದ ಮಣ್ಣಿನ ಬಿಲ್ಲೆಗಳು. ಮುಚ್ಚಿದ ಮೇಲೆ ಆ ಅಕ್ಷರವನ್ನು ಯಾರೂ ಓದುವ ಹಾಗಿರಲಿಲ್ಲ. ಓದಲಿ ಎಂದು ಇಟ್ಟದ್ದೂ ಅಲ್ಲ. ಬಡವರು ಕಂಚಿನ ಲೋಕೇಶ್ವರನನ್ನು ಮಾಡಿಸಲಾರರು, ಒಂದು ಹಿಡಿ ಮಣ್ಣಿನ ಸ್ತೂಪವನ್ನು ಯಾರು ಬೇಕಾದರೂ ಇಡಬಹುದು. ನಮ್ಮ ಊರಿನಿಂದ ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರುವಷ್ಟು ಹತ್ತಿರದಲ್ಲಿ, ಸುಮಾರು ಸಾವಿರದೈನೂರು ವರ್ಷಗಳ ಹಿಂದೆ, ಜನ ಹೀಗೆ ಹರಕೆ ಒಪ್ಪಿಸುತ್ತಿದ್ದರು.

ಇಷ್ಟು ಹೊತ್ತು ಹಳೆಯದನ್ನೇ ಹೇಳಿದೆ. ಬುದ್ಧನ ಸಣ್ಣ ಗುಡಿಗಳು ನಮ್ಮ ಹಳ್ಳಿಗಳಲ್ಲಿ ಈಗಲೂ ಹೊಸದಾಗಿ ಏಳುತ್ತಿವೆ ಎಂಬುದನ್ನು ಮರೆಯಬಾರದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧಧರ್ಮಕ್ಕೆ ಮರಳಿದರು. ಅದೇ 1956ರಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದರು. ಕಲಬುರಗಿ, ಬೀದರ್ ಜಿಲ್ಲೆಗಳ ಹಳ್ಳಿಗಳಲ್ಲಿ ಈಗ ಒಂದೇ ಕೋಣೆಯ ಬುದ್ಧವಿಹಾರಗಳನ್ನು ಕಾಣಬಹುದು. ಒಳಗೆ ಬಣ್ಣ ಹಚ್ಚಿದ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರ ಚಿತ್ರ, ಹೊರಗೆ ಐದು ಬಣ್ಣದ ಬಾವುಟ. ಬುದ್ಧ ಪೂರ್ಣಿಮೆಯ ದಿನ ಹೆಂಗಸರು ಬಿಳಿ ಸೀರೆ ಉಟ್ಟು, ಮೇಣದ ಬತ್ತಿ ಹಚ್ಚಿ, ಪಾಲಿಯಲ್ಲಿ ತ್ರಿಶರಣ ಹೇಳುತ್ತಾರೆ. ಕಲೆಯ ಪುಸ್ತಕ ಬರೆಯುವವರು ಈ ಮೂರ್ತಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅದು ತಪ್ಪೆಂದು ನನ್ನ ಗಟ್ಟಿಯಾದ ಅಭಿಪ್ರಾಯ. ಊರಿನ ಗುಡಿಗಳ ಬಾಗಿಲಲ್ಲಿ ತಲೆತಲಾಂತರ ಹೊರಗೆ ನಿಂತ ಜನ, ತಾವೇ ಚಂದಾ ಎತ್ತಿ, ತಮ್ಮ ಕೇರಿಯಲ್ಲಿ, ಒಳಗೆ ಹೋಗಿ ಕೂರಬಹುದಾದ ಗುಡಿ ಕಟ್ಟಿಕೊಂಡಿದ್ದಾರೆ. ಡಂಬಳದ ಹದಿನಾರು ಸೆಟ್ಟರು ಮಾಡಿದ್ದೂ ಊರವರು ಕೂಡಿ ಕಟ್ಟುವ ಇದೇ ಕೆಲಸವನ್ನು. ಅವರದು ಶಾಸನವಾಯಿತು. ಇವರ ಹೆಸರುಗಳೂ ಬಾಗಿಲ ಪಕ್ಕದ ಗ್ರಾನೈಟ್ ಕಲ್ಲಿನ ಮೇಲೆ ಇರುತ್ತವೆ, ಇಷ್ಟಿಷ್ಟು ರೂಪಾಯಿ ಎಂದು ಲೆಕ್ಕದ ಸಮೇತ. ಮುಂದಿನವರಿಗೆ ಅದೂ ಶಾಸನವೇ.

ಐಹೊಳೆಗೆ ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ವಿಜಯನಗರದಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು, ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಹೊತ್ತಿಗೆ ಬಾದಾಮಿ. ಅಲ್ಲಿಂದ ಪಟ್ಟದಕಲ್ಲಿನ ಮೇಲೆ ಐಹೊಳೆ ಸುಮಾರು 35 ಕಿಲೋಮೀಟರ್. ಬೇರೆ ಗುಡಿಗಳನ್ನು ಆಮೇಲೆ ನೋಡಿ, ಮೊದಲು ಮೇಗುತಿ ಗುಡ್ಡ ಹತ್ತಿ. ಕುಡಿಯುವ ನೀರು ಜೊತೆಗಿರಲಿ. ವಯಸ್ಸಾದವರು ಕೈಕೋಲು ತರುವುದು ಒಳ್ಳೆಯದು. ಬುದ್ಧನ ಗುಡಿಯಲ್ಲಿ ಮಕ್ಕಳನ್ನು ಮೊಗಸಾಲೆಯಲ್ಲಿ ಕೂರಿಸಿ, ಎದುರಿಗೆ ಕಾಣುವ ಊರಿನಲ್ಲಿ ಗುಡಿಗಳು ಎಷ್ಟಿವೆ ಎಂದು ಎಣಿಸಲು ಹೇಳಿ. ಮಲಪ್ರಭೆಯ ಕಣಿವೆಯವರೆಗೆ ಅವರ ಕಣ್ಣು ಹೋಗಲಿ. ಆಮೇಲೆ ತಲೆಯಿಲ್ಲದ ಮೂರ್ತಿಯನ್ನು ತೋರಿಸಿ. ಅದರ ಮೇಲೆ ಕೈಯಿಡಲು, ಪಕ್ಕದಲ್ಲಿ ಒರಗಿ ಫೋಟೋ ತೆಗೆಸಿಕೊಳ್ಳಲು ಬಿಡಬೇಡಿ. ಮರಳುಗಲ್ಲು ಬೆವರಿನ ಕೈಗಳಿಗೆ ಸವೆಯುತ್ತದೆ. ಇಷ್ಟು ವರ್ಷ ಮಳೆ ಗಾಳಿ ತಿಂದ ಕಲ್ಲಿಗೆ ನಮ್ಮ ಕೈಯೂ ಸೇರುವುದು ಬೇಡ. ಇಳಿದ ಮೇಲೆ ಹತ್ತಿರದ ಅಮೀನಗಡದಲ್ಲಿ ಕರದಂಟು ಸಿಗುತ್ತದೆ, ಮಕ್ಕಳಿಗೆ ಅದನ್ನೂ ಕೊಡಿಸಿ.

ಇನ್ನೊಂದು ದಿನ ಬಿಡುವಿದ್ದರೆ ಹಿಂತಿರುಗುವಾಗ ಗದಗದಲ್ಲಿ ಇಳಿಯಿರಿ. ಲಕ್ಕುಂಡಿ ಅಲ್ಲಿಂದ ಹನ್ನೆರಡು ಕಿಲೋಮೀಟರಿನೊಳಗೆ, ಡಂಬಳ ಸುಮಾರು ಇಪ್ಪತ್ತು. ಡಂಬಳದಲ್ಲಿ ಎಲ್ಲರೂ ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿ ತೋರಿಸುತ್ತಾರೆ. ಅದನ್ನು ನೋಡಿ, ನೋಡಲೇಬೇಕಾದ ಗುಡಿ ಅದು. ಆಮೇಲೆ ಊರಿನ ಹಿರಿಯರನ್ನು ಕಂಡು, ‘ಯಜಮಾನರೇ, ಹದಿನಾರು ಮಂದಿ ಸೆಟ್ಟರು ಬೌದ್ಧ ವಿಹಾರ ಕಟ್ಟಿಸಿದ್ದ ಊರು ಇದೇ ಅಲ್ಲವೇ?’ ಎಂದು ಕೇಳಿ ನೋಡಿ. ಮಾತು ಶುರುವಾಗುತ್ತದೆ.